ಕಡಿತವಲ್ಲ, ಫ್ಯೂಸ್ ಹಾರಿದ್ದು

ಮಾನ್ಯ ಸಂಪಾದಕರೇ,

ಬಸವನಗುಡಿಯ ಬಾಡಿಗೆ ಸಭಾಂಗಣದಲ್ಲಿ ನಾವು ದರ್ಜಿಗಳು ಭಾನುವಾರ ನಡೆಸಿದ, ವಸ್ತ್ರವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ ಕುರಿತ ಕಾರ್ಯಕ್ರಮ ‘ವಿದ್ಯುತ್ ಕಡಿತದಿಂದ ಮೊಟಕಾಯಿತು’ ಎಂದು ನಿಮ್ಮ ವರದಿಯಲ್ಲಿದೆ. ಕಡಿತ ಎಲ್ಲಿತ್ತು? ಎದುರಿನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ದೀಪವಿತ್ತು, ಬೀದಿದೀಪವೂ ಉರಿಯುತ್ತಿತ್ತು. ಹಾರಿದ್ದು ಸಭಾಂಗಣದ ಫ್ಯೂಸ್. ನಾವು ತಂದಿದ್ದ 2,000 ವ್ಯಾಟ್‌ನ ಸ್ಟೀಮ್ ಇಸ್ತ್ರಿಪೆಟ್ಟಿಗೆ ಸುಮಾರು 9 ಆಂಪಿಯರ್ ಎಳೆಯುತ್ತದೆ. 15 ಆಂಪಿಯರ್ ಪಾಯಿಂಟ್ ಬೇಕೆಂದು ಮುಂಗಡ ಕಟ್ಟುವಾಗಲೇ ಬರೆದುಕೊಟ್ಟಿದ್ದೆವು. ಕೊಟ್ಟದ್ದು ದೀಪ, ಫ್ಯಾನುಗಳ ಲೈನಿನಲ್ಲೇ ಇದ್ದ 5 ಆಂಪಿಯರ್ ಪಾಯಿಂಟ್. ಹಾರದೆ ಇನ್ನೇನಾದೀತು?

ಅದೂ ಎಂಥ ಹೊತ್ತಿನಲ್ಲಿ! ಕೋಟಿನ ಎದೆಯ ಮೇಲೆ ಹೊರಕ್ಕೆ ಮಡಚುವ ಲೇಪಲ್‌ಗೆ ಒಳಗಿಡುವ ಗಟ್ಟಿ ಬಟ್ಟೆ ಕ್ಯಾನ್ವಾಸನ್ನು ಬೆರಳ ಮೇಲೆ ಬಾಗಿಸಿಕೊಂಡೇ ಸಣ್ಣ ಓರೆ ಹೊಲಿಗೆ ಹಾಕಿ, ಹಬೆ ಕೊಟ್ಟು, ಪೂರ್ತಿ ಒಣಗುವವರೆಗೆ ಒತ್ತಬೇಕು. ತೇವ ಉಳಿದರೆ ಬಾಗು ನಿಲ್ಲದೆ ಚಪ್ಪಟೆಯಾಗುತ್ತದೆ. ಹಾಗೇ ಆಯಿತು. 16ನೇ ವಯಸ್ಸಿಗೆ ಶಾಲೆ ಬಿಟ್ಟ ಮೆಕ್ವೀನ್ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ದರ್ಜಿ ಅಂಗಡಿಯಲ್ಲಿ ಕಲಿತದ್ದು ಇಂಥ ಕೆಲಸವನ್ನೇ. ಸೊಂಟದಿಂದ ತೀರಾ ಕೆಳಗೆ ನಿಲ್ಲುವ ಅವರ ‘ಬಮ್‌ಸ್ಟರ್’ ಪ್ಯಾಂಟಿನ ಕಟಿಂಗ್ ತೋರಿಸಲು ಆಗಲೇ ಇಲ್ಲ. ಸೊಂಟಪಟ್ಟಿ ಅಷ್ಟು ಕೆಳಗಿಳಿದರೆ ಹಿಡಿತ ತಪ್ಪುತ್ತದೆ. ನೇರ ಪಟ್ಟಿ ಹಾಕಿದರೆ ಕೂತಾಗ ಹಿಂದೆ ಬಾಯಿ ಬಿಡುತ್ತದೆ. ಮೇಲಂಚು ಗಿಡ್ಡ, ಕೆಳಗಿನಂಚು ಉದ್ದ ಬರುವಂತೆ ಬಾಗಿಸಿ ಕತ್ತರಿಸಬೇಕು, ಮೇಲಂಚು ಹಿಗ್ಗದಂತೆ ಒಳಗೆ ಟೇಪ್ ಕೊಡಬೇಕು.

ಜನರ ಕಿವಿಗೆ ಬಿದ್ದದ್ದು ಮೊದಲರ್ಧದ ಬದುಕಿನ ಕಥೆ ಮಾತ್ರ: ಟ್ಯಾಕ್ಸಿ ಓಡಿಸುವವರ ಮಗ, 1996ರಲ್ಲಿ ಪ್ಯಾರಿಸ್ಸಿನ ಫ್ಯಾಷನ್ ಸಂಸ್ಥೆ ಜಿವಾನ್ಶಿಗೆ ಮುಖ್ಯ ವಿನ್ಯಾಸಕ, ಮಾದಕವಸ್ತು, ಕಾಲೇಜಿನ ಕೊನೆಯ ಪ್ರದರ್ಶನಕ್ಕೆ ಹೊಲಿದದ್ದನ್ನೆಲ್ಲ ಕೊಂಡು ಬೆನ್ನಿಗೆ ನಿಂತಿದ್ದ ಫ್ಯಾಷನ್ ಪತ್ರಿಕೆಗಳ ಸಂಪಾದಕಿ ಇಸಬೆಲ್ಲಾ ಬ್ಲೋ 2007ರಲ್ಲಿ ತೀರಿಹೋದದ್ದು, 2010ರಲ್ಲಿ ತಾಯಿ ತೀರಿಕೊಂಡ ಒಂಬತ್ತೇ ದಿನಕ್ಕೆ, 40ನೇ ವಯಸ್ಸಿಗೆ, ಮೆಕ್ವೀನ್ ಕೂಡ ಇಲ್ಲವಾದದ್ದು. ನಿಮ್ಮ ವರದಿಗಾರರೂ ಅಷ್ಟನ್ನೇ ಬರೆದರು. ಅಂಥ ಕೈಯ ಕಸುಬಿನ ಬಗ್ಗೆ ಒಂದು ಸಾಲಿಲ್ಲ. ಅನ್ಯಾಯವಲ್ಲವೇ?

ಸಭಾಂಗಣದವರು ಬಾಡಿಗೆ ಮಾತ್ರ ಪೂರ್ತಿ ಕಟ್ಟಿಸಿಕೊಂಡರು. ಫ್ಯೂಸ್ ಕಟ್ಟಲು ತಂತಿ ಇರಲಿಲ್ಲ, ಎಲೆಕ್ಟ್ರಿಷಿಯನ್ ಫೋನ್ ಎತ್ತಲಿಲ್ಲ. ಕತ್ತಲಲ್ಲಿ ಮೂರು ಡಮ್ಮಿಗಳನ್ನು ಮೆಟ್ಟಿಲಿಳಿಸುವಾಗ ಒಂದರ ಸ್ಟ್ಯಾಂಡ್ ಮುರಿಯಿತು. ಹೊರಗೆ ಬಾಯ್ತೆರೆದ ಚರಂಡಿ, ಆಟೊ ಹತ್ತಿರ ಬರಲಿಲ್ಲ. ಅದಕ್ಕೆ ಚಪ್ಪಡಿ ಹಾಕಿಸಿ ಎಂದು ಹೋದ ಮಳೆಗಾಲದಲ್ಲೇ ಅರ್ಜಿ ಕೊಟ್ಟಿದ್ದೇವೆ. ಇಂಜಿನಿಯರ್ ಬದಲಾದರು, ಅರ್ಜಿ ಯಾವ ಮೇಜಿನಲ್ಲಿದೆಯೋ.

ಬಾಡಿಗೆ ವಾಪಸು ಕೊಡಲಿ, ಇಲ್ಲವೇ ವೈರಿಂಗ್ ಸರಿಮಾಡಿ ಇನ್ನೊಂದು ದಿನ ಕೊಡಲಿ, ಎರಡರಲ್ಲೊಂದು ಆಗಬೇಕು. ಚರಂಡಿಯನ್ನೂ ಯಾರಾದರೂ ಬಂದು ನೋಡಲಿ. ನಿಮ್ಮ ವರದಿಗಾರರು ಕಡಿತವೆಂದು ಬರೆಯುವ ಮೊದಲು ಒಮ್ಮೆ ಕಿಟಕಿಯಾಚೆ ನೋಡಬೇಕಿತ್ತು.

– ನೊಂದ ದರ್ಜಿಗಳು, ಬಸವನಗುಡಿ, ಬೆಂಗಳೂರು