ಶಿಬಿರದ ತನಕ ಕಾಯದ ಕಣ್ಣು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಹೋದ ವರ್ಷ ನಿಮ್ಮ ಹುಟ್ಟುಹಬ್ಬಕ್ಕೆ ಸಮುದಾಯ ಭವನದಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರ ನಡೆದಾಗ ನಮ್ಮ ಅಪ್ಪಯ್ಯನೂ ಸಾಲಿನಲ್ಲಿದ್ದರು. ಕನ್ನಡಕ ಸಿಕ್ಕಿತು, ಉಪ್ಪಿಟ್ಟೂ ಸಿಕ್ಕಿತು. ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಆ ಕನ್ನಡಕದಲ್ಲೇ ಅವರು ಇಡೀ ಮಳೆಗಾಲ ಪೇಪರ್ ಓದಿದರು. ಬರೆಯಬೇಕಾಗಿ ಬಂದಿರುವುದು ಅದರ ನಂತರದ ಕಥೆ.

ಅಡಿಕೆ ಸುಲಿಯುವ ಕಾಲ. ಒಂದು ಗುರುವಾರ ರಾತ್ರಿ ಅಪ್ಪಯ್ಯ ಕಣ್ಣುಜ್ಜಿಕೊಳ್ಳುತ್ತಾ, "ಬಲಗಣ್ಣ ಮುಂದೆ ಜೇಡರ ಬಲೆ ಆಡ್ತಾ ಇದೆ ಮಾರಾಯ" ಅಂದರು. ಕತ್ತಲಲ್ಲಿ ಕಣ್ಣಂಚಿನಲ್ಲಿ ಮಿಂಚು ಹೊಡೆದ ಹಾಗಾಗುತ್ತದಂತೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ನೋವೇ ಇಲ್ಲದ್ದಕ್ಕೆ ಯಾರು ಹೆದರುತ್ತಾರೆ? ನಾನೂ ಹೆದರಲಿಲ್ಲ. ಮರುದಿನ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಟಾರ್ಚ್ ಬಿಟ್ಟು ನೋಡಿದರು. "ಐದು ವರ್ಷದ ಹಿಂದೆ ಪೊರೆ ತೆಗೆಸಿದ್ರಲ್ಲ, ಮತ್ತೆ ಪೊರೆ ಕಟ್ಟಿದೆ. ಮುಂದಿನ ಶಿಬಿರಕ್ಕೆ ಹೆಸರು ಬರೆಸಿ" ಎಂದು ಚೀಟಿ ಕೊಟ್ಟು ಕಳಿಸಿದರು. ಪಾಪೆ ಹಿಗ್ಗಿಸುವ ಹನಿ ಹಾಕಿ ಕಣ್ಣಿನ ಒಳಗನ್ನು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಎದುರು ಕೂತವರು, "ಪಕ್ಕದಿಂದ ಕಪ್ಪು ಪರದೆ ಎಳೆದ ಹಾಗಿದೆ, ನಿನ್ನ ಅರ್ಧ ಮುಖ ಕಾಣ್ತಾ ಇಲ್ಲ" ಅಂದರು.

ಭಾನುವಾರ ಯಾರಿಗೆ ತೋರಿಸುವುದು? ಎದೆನೋವು, ಹೆರಿಗೆ, ಹಾವು ಕಚ್ಚಿದ್ದು ಅಂದರೆ 108 ಎನ್ನುವುದು 2008ರಿಂದ ಊರಿನ ಮಕ್ಕಳಿಗೂ ಬಾಯಿಪಾಠ. ಕಣ್ಣಿಗೂ ಗಳಿಗೆಯ ಲೆಕ್ಕ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಸೋಮವಾರ ಕಾರು ಮಾಡಿಕೊಂಡು ಘಾಟಿ ಇಳಿದೆವು. ಅಲ್ಲಿನ ಡಾಕ್ಟರು ಹನಿ ಹಾಕಿ, ನೋಡಿ, ಕೇಳಿದ ಮೊದಲ ಪ್ರಶ್ನೆ: "ಮಿಂಚು ಕಂಡಿದ್ದು ಯಾವತ್ತು?"

ಗೋಡೆಯ ಬಣ್ಣ ಹಪ್ಪಳ ಎದ್ದ ಹಾಗೆ ಕಣ್ಣಿನ ಹಿಂಗೋಡೆಯಿಂದ ರೆಟಿನಾ, ಅಂದರೆ ಬೆಳಕು ಹಿಡಿಯುವ ತೆಳು ಪದರ, ಕಿತ್ತುಬಂದಿತ್ತು. ಮಿಂಚು, ಬಲೆ ಕಾಣುವ ಹೊತ್ತಿನಲ್ಲಿ ಅದು ಬರೀ ಸಣ್ಣ ಹರುಕಾಗಿದ್ದರೆ ಸುತ್ತ ಲೇಸರ್ ಹೊಡೆದು ಅಲ್ಲೇ ತಡೆಯಬಹುದಂತೆ. ರೋಗಿ ಅವತ್ತೇ ಮನೆಗೆ. ಅಕ್ಷರ, ಮುಖ ಗುರುತಿಸುವ ನಡುಭಾಗ, ಅಂದರೆ ಮ್ಯಾಕುಲಾ, ಕೀಳುವ ಮೊದಲು ಆಪರೇಷನ್ ಆದರೆ ಓದುವ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ನಾವು ತಲುಪುವಷ್ಟರಲ್ಲಿ ಅದೂ ಕಿತ್ತಿತ್ತು. ಪೊರೆ ತೆಗೆಸಿಕೊಂಡವರಲ್ಲಿ ಈ ತೊಂದರೆಯ ಅಪಾಯ ತುಸು ಜಾಸ್ತಿ ಎಂಬುದೂ ಅವತ್ತೇ ಗೊತ್ತಾಯಿತು.

ಕಣ್ಣೊಳಗೆ ಗ್ಯಾಸ್ ತುಂಬಿ ರೆಟಿನಾ ಕೂರಿಸುವ ಕ್ರಮವಿದೆ. ಆದರೆ ಎತ್ತರಕ್ಕೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಅದು ಕರಗುವ ತನಕ ಘಾಟಿ ಹತ್ತುವಂತಿಲ್ಲ. ಘಟ್ಟದ ಮೇಲಿನವರಿಗೆ ಇದೊಂದು ಬೇರೆ ತಾಪತ್ರಯ. ಹಾಗಾಗಿ ಸಿಲಿಕೋನ್ ಎಣ್ಣೆ ತುಂಬಿದರು. ಅದನ್ನು ತೆಗೆಯಲು ಕೆಲವು ತಿಂಗಳಿಗೆ ಇನ್ನೊಂದು ಆಪರೇಷನ್. ಈಗ ಬಲಗಣ್ಣಲ್ಲಿ ಆಳು ಬಂದದ್ದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ.

ಶಿಬಿರಗಳ ಬಗ್ಗೆ ನನಗೆ ತಕರಾರಿಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರದಲ್ಲಿ ಪೊರೆ ತೆಗೆದು ಕಣ್ಣು ಕೊಟ್ಟ ನಾಡಿದು. ದೇಶದಲ್ಲಿ 1976ರಿಂದ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಇದೆ. ಆದರೆ ಪೊರೆ ಕಾಯುತ್ತದೆ, ರೆಟಿನಾ ಕಾಯುವುದಿಲ್ಲ. ಕಾಯುವ ಕಾಯಿಲೆಗೆ ಕಟ್ಟಿದ ವ್ಯವಸ್ಥೆಯೊಳಗೆ ಕಾಯದ ಕಾಯಿಲೆಯವರನ್ನೂ ಸಾಲಿನಲ್ಲಿ ನಿಲ್ಲಿಸುತ್ತಿದ್ದೇವೆ, ಅಷ್ಟೇ ನನ್ನ ದೂರು. ಹಠಾತ್ತನೆ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಂಡರೆ ನಮ್ಮಲ್ಲಿ ಪಿತ್ತ ಅನ್ನುತ್ತಾರೆ. ಅದು ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರುವ ಗ್ಲಾಕೋಮಾದ ಹೊಡೆತವಿರಬಹುದು. ನೋವಿಲ್ಲದೆ ಒಂದು ಕಣ್ಣು ದೀಪ ಆರಿದಂತೆ ಆರಿದರೆ ಅದು ರಕ್ತನಾಳ ಕಟ್ಟಿ ಆಗುವ ಕಣ್ಣಿನ ಪಾರ್ಶ್ವವಾಯು ಇರಬಹುದು. ಗಂಟೆಗಳ ಮಾತು, ಅದರ ಬೆನ್ನಿಗೇ ಮೆದುಳಿಗೂ ಹೊಡೆತ ಬೀಳುವ ಭಯ.

ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ಬೆಂಗಳೂರಿಗೆ ಕಡತ ಓಡಿಸದೆ ನಿಮ್ಮ ಕೈಯಲ್ಲೇ ಆಗುವುದನ್ನಷ್ಟೇ ಕೇಳುತ್ತೇನೆ. ಹೊರರೋಗಿ ವಿಭಾಗದ ಬಾಗಿಲಲ್ಲಿ ಒಂದು ಬೋರ್ಡು ಹಾಕಿಸಿ. ಅದರಲ್ಲಿ "ರೆಟಿನಲ್ ಡಿಟ್ಯಾಚ್‌ಮೆಂಟ್" ಅಂತ ಬರೆಸಬೇಡಿ, ದಯವಿಟ್ಟು. ಮಿಂಚು, ಜೇಡರ ಬಲೆ, ಪರದೆ ಎಂದು ಬರೆಸಿ. ಇಂಥವರು ಬಂದರೆ ಸಾಲಿಲ್ಲದೆ ಒಳಗೆ ಬಿಡಲಿ, ಹನಿ ಹಾಕಿ ನೋಡಲಿ. ನೋಡುವವರು ಆ ದಿನ ಇಲ್ಲದಿದ್ದರೆ, ರೆಟಿನಾ ವೈದ್ಯರು ಎಲ್ಲಿ ಸಿಗುತ್ತಾರೆಂದು ಅಲ್ಲಿಂದಲೇ ಫೋನ್ ಮಾಡಿ ವಿಚಾರಿಸಿ ಅವತ್ತೇ ಕಳಿಸಲಿ, ಭಾನುವಾರವಾದರೂ ಸರಿ. ಮನೆಮನೆಗೆ ಬರುವ ಆಶಾ ಅಕ್ಕಂದಿರಿಗೆ ಈ ನಾಲ್ಕು ಮಾತು ಹೇಳಿಕೊಡಲು ಅರ್ಧ ದಿನ ಸಾಕು. ಪೇಟೆಯ ಕನ್ನಡಕದ ಅಂಗಡಿಯವರನ್ನೂ ಕರೆಯಿರಿ. ವಯಸ್ಸಾದವರು ಮೊದಲು ಹೋಗುವುದು ಅಲ್ಲಿಗೇ.

ಸಮಿತಿಯ ಮುಂದಿನ ಸಭೆ ಯಾವತ್ತೆಂದು ತಿಳಿಸಿದರೆ ನಾನೂ ಬರುತ್ತೇನೆ. ಅಪ್ಪಯ್ಯನೂ ಬರುತ್ತಾರಂತೆ. ಬೋರ್ಡಿನ ಅಕ್ಷರ ಎಷ್ಟು ದೊಡ್ಡದಿರಬೇಕೆಂದು ತಾವೇ ನಿಂತು ನೋಡಿ ಹೇಳುತ್ತಾರಂತೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ