ಕತ್ತು ತಿರುಗಿಸುವ ಸದ್ದು ಬೇಡ

ಮಾನ್ಯ ಸಂಪಾದಕರೇ,

ಸಿನಿಮಾಕ್ಕೆ ಸರೌಂಡ್ ಸೌಂಡ್, ಅಂದರೆ ನಮ್ಮ ಸುತ್ತಲಿನ ಸ್ಪೀಕರ್‌ಗಳಿಂದಲೂ ಬರುವ ಸದ್ದು, ಬೇಕಾ ಎಂದು ಕೇಳಿದರೆ ಬೇಕು ಎನ್ನುವವನೇ ನಾನು. ಆದರೆ ಈಗೀಗ ಅದನ್ನು ಬಳಸುವ ರೀತಿ ಹಿಡಿಸುತ್ತಿಲ್ಲ.

ಮೊನ್ನೆ ನೋಡಿದ ಸಿನಿಮಾದಲ್ಲಿ ತಾಯಿ ಮಗಳು ಮೆಲ್ಲಗೆ ಮಾತಾಡುತ್ತಿದ್ದರು. ಮಗಳ ಗಂಟಲು ಕಟ್ಟಿದೆ, ಇನ್ನೇನು ಅತ್ತೇಬಿಡುತ್ತಾಳೆ ಅನ್ನುವಾಗ ನನ್ನ ಬೆನ್ನ ಹಿಂದೆ ಬಾಗಿಲು ಧಡಾರ್ ಎಂದು ಬಡಿದುಕೊಂಡಿತು. ತಿರುಗಿ ನೋಡಿದೆ. ನಮ್ಮ ಸಾಲಿನಲ್ಲಿ ಇನ್ನೂ ನಾಲ್ಕೈದು ಜನ ತಿರುಗಿದ್ದರು. ಹಾಲ್‌ನ ಬಾಗಿಲು ಮುಚ್ಚೇ ಇತ್ತು, ಸದ್ದು ಸಿನಿಮಾದ್ದು. ಮತ್ತೆ ತೆರೆ ಕಡೆ ನೋಡುವಷ್ಟರಲ್ಲಿ ಅವಳು ಅತ್ತು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಒಂದು ಗಳಿಗೆಗೇ ಅಲ್ವಾ ಅಷ್ಟು ಹೊತ್ತು ಕಾದು ಕೂತಿದ್ದು? ಸೌಂಡ್ ಕೆಲಸದವರಿಗೆ ಇದು ಗೊತ್ತಿಲ್ಲದ್ದೇನಲ್ಲ, ಹಿಂದಿನ ಸದ್ದಿಗೆ ಜನ ಹೀಗೆ ಎಕ್ಸಿಟ್ ಬೋರ್ಡಿನ ಕಡೆ ತಿರುಗುವುದಕ್ಕೆ 'ಎಕ್ಸಿಟ್ ಸೈನ್ ಎಫೆಕ್ಟ್' ಎಂದು ಹೆಸರೇ ಇದೆ.

ತೆರೆಯಲ್ಲಿ ಸಣ್ಣ ಸಣ್ಣ ತೂತು ಇರುವುದು ಸುಮ್ನೆ ಅಲ್ಲ. ಅದರ ಹಿಂದೆ ಎಡ, ನಡು, ಬಲ ಎಂದು ಸ್ಪೀಕರ್ ಇರುತ್ತವೆ, ಮಾತು ಹೆಚ್ಚಾಗಿ ನಡುವಿನದರಿಂದ ಬರುತ್ತದೆ, ಹಾಗಾಗಿ ಮೂಲೆಯಲ್ಲಿ ಕೂತವರಿಗೂ ಅದು ತೆರೆಯ ಮೇಲಿನವರ ಬಾಯಿಂದಲೇ ಬಂದಂತೆ ಕೇಳುತ್ತದೆ. 5.1 ಎಂಬ ಸೌಂಡ್ ವ್ಯವಸ್ಥೆ ಅಂದರೆ ಈ ಮೂರು, ಎಡಬಲದ ಸರೌಂಡ್ ಎರಡು, ಗುಡುಗಿನಂಥ ದಪ್ಪ ಸದ್ದಿಗೆ ಇನ್ನೊಂದು. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಎಂಬ ಸೌಂಡ್ ವ್ಯವಸ್ಥೆ ಚಾವಣಿಗೂ ಸ್ಪೀಕರ್ ಹಾಕಿಸಿತು. ಇವೆ ಎಂದು ಎಲ್ಲವನ್ನೂ ಕೂಗಿಸಬೇಕಾ?

ಚೆನ್ನಾಗಿ ಬಳಸಿದರೆ ಸ್ಪೀಕರ್ ಇರುವುದೇ ಮರೆತುಹೋಗುತ್ತದೆ. ಮಳೆಯನ್ನೇ ತೆಗೆದುಕೊಳ್ಳಿ. ತೆರೆಯಿಂದ ಮಾತ್ರ ಕೇಳಿದರೆ ಅದು ಕಿಟಕಿಯಾಚೆಯ ಮಳೆ. ಅದೇ ಮಳೆ ಮೆಲ್ಲಗೆ ಎರಡೂ ಬದಿಗೆ, ಆಮೇಲೆ ತಲೆ ಮೇಲಕ್ಕೂ ಹರಡಿದರೆ ಪಾತ್ರದ ಜೊತೆ ನಾವೂ ಒಂದೇ ಸೂರಿನಡಿ ನಿಂತ ಹಾಗಾಗುತ್ತದೆ. ಮಳೆ ನಿಂತ ಮೇಲೆ ಎಲ್ಲೋ ಹಿಂದೆ ಹನಿ ತೊಟ್ಟಿಕ್ಕುತ್ತದೆ, ಯಾರೂ ತಿರುಗುವುದಿಲ್ಲ, ಆದರೆ ಆ ಮನೆ ಎಷ್ಟು ಖಾಲಿಯಾಗಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಮುಂದಿನ ಸ್ಪೀಕರ್ ಮಾತ್ರ ಇದ್ದರೆ ಇದು ಆಗದು.

ಇನ್ನೊಂದು ತೊಂದರೆ ಇದೆ. ಮಾತು ಕೇಳಿಸುತ್ತಿಲ್ಲ ಎಂದರೆ ಥಿಯೇಟರ್‌ನವರು ಒಟ್ಟು ವಾಲ್ಯೂಮ್ ಏರಿಸುತ್ತಾರೆ. ಆಗ ಸರೌಂಡ್ ಕೂಡ ಅಷ್ಟೇ ಜಾಸ್ತಿಯಾಗುತ್ತದೆ, ಗೋಡೆ ಪಕ್ಕದವರ ಕಿವಿಗೆ ಬಡಿಯುತ್ತದೆ. ಸರೌಂಡ್ ಸ್ಪೀಕರ್‌ಗಳ ಮಟ್ಟವನ್ನು ಬೇರೆಯಾಗಿ ಅಳೆದು ಸರಿಪಡಿಸಬಹುದು, ಅದನ್ನು ಆಗಾಗ ಮಾಡಲಿ. ಸಿನಿಮಾ ಮಾಡುವವರೂ ಸದ್ದುಗಳನ್ನೆಲ್ಲ ಹದವಾಗಿ ಬೆರೆಸುವ ಮಿಕ್ಸಿಂಗ್ ಮುಗಿದ ಮೇಲೆ ನಡುವಿನ ಒಳ್ಳೆ ಸೀಟು ಬಿಟ್ಟು, ಹಿಂದಿನ ಸಾಲಿನ ಗೋಡೆ ಪಕ್ಕ ಕೂತು ಒಮ್ಮೆ ಪೂರ್ತಿ ನೋಡಲಿ.

ಇಂತಿ,
ಒಬ್ಬ ಸಿನಿಮಾ ಪ್ರೇಕ್ಷಕ