ಆಟೋಮ್ಯಾಟಿಕ್ ಗಾಡಿಗೆ ಹೆಡರ್ಸ್ ಹಾಕ್ಸೋರಿಗೂ, ಅದನ್ನ ಹಿಡಿಯೋರಿಗೂ

ಮಾನ್ಯ ಸಂಪಾದಕರೇ,

ಮಾರ್ಪಾಡು ಮಾಡಿದ ಸೈಲೆನ್ಸರ್‌ಗಳನ್ನ ರಸ್ತೆ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸೋ ಫೋಟೋಗಳು ಪತ್ರಿಕೆಗಳಲ್ಲಿ ಆಗಾಗ ಬರ್ತಾನೇ ಇರುತ್ವೆ, ಆಮೇಲೆ ಓದುಗರ ಪತ್ರಗಳಲ್ಲಿ ಒಬ್ರು ಪೊಲೀಸರಿಗೆ ಶಭಾಷ್ ಅಂತಾರೆ, ಇನ್ನೊಬ್ರು ದುಡ್ಡಿರೋರ ಕಾರು ಮುಟ್ಟೋಕೆ ಧೈರ್ಯ ಇಲ್ಲ ಬರೀ ಬೈಕ್ ಹುಡುಗ್ರ ಮೇಲೆ ಪ್ರತಾಪ ಅಂತಾರೆ. ನಾನು ಬೆಂಗಳೂರಲ್ಲಿ ಕಾರುಗಳ ಎಕ್ಸಾಸ್ಟ್, ಅಂದ್ರೆ ಹೊಗೆ ಪೈಪಿನ ಕೆಲ್ಸ ಮಾಡೋ ಗ್ಯಾರೇಜ್ ಇಟ್ಕೊಂಡಿರೋನು, ಅಂದ್ರೆ ಈ ಜಗಳದಲ್ಲಿ ಪೈಪ್ ವೆಲ್ಡ್ ಮಾಡೋ ಕೈ ನಂದೇ, ನಂಗೂ ಇದ್ರಲ್ಲಿ ಲಾಭ ಇದೆ ಅಂತ ತಿಳ್ಕೊಂಡೇ ಮುಂದೆ ಓದಿ. ನನ್ನ ತಕರಾರು ಏನಂದ್ರೆ ಓನರ್‌ಗಳೂ ಪೊಲೀಸರೂ ಇಬ್ರೂ ಕಿವಿಯಲ್ಲೇ ಅಳೀತಾ ಇದಾರೆ. ಸದ್ದು ಕೇಳಿ ಇವ್ರು ಪವರ್ ಬಂತು ಅಂದ್ಕೋತಾರೆ, ಅದೇ ಸದ್ದು ಕೇಳಿ ಅವ್ರು ಅಪರಾಧ ಅಂತ ತೀರ್ಮಾನ ಮಾಡ್ತಾರೆ, ಮೀಟರ್ ಇಬ್ರ ಕೈಯಲ್ಲೂ ಇರಲ್ಲ.

ಇವತ್ತು ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಕೈ ಬದಲಾಯಿಸ್ತಿರೋ ಫೋರ್ಡ್ ಮಸ್ಟಾಂಗ್ ಜಿಟಿ ತಗೊಳ್ಳಿ. 2016ರಲ್ಲಿ ಇಂಡಿಯಾಕ್ಕೆ ಬಂದಿದ್ದು, ಬಲಗಡೆ ಸ್ಟೀರಿಂಗ್, 5 ಲೀಟರ್ ವಿ8, 401 ಪಿಎಸ್ (ಹಾರ್ಸ್‌ಪವರ್ ಥರದ್ದೇ ಅಳತೆ) ಪವರ್, 515 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ), ಗೇರ್‌ಬಾಕ್ಸ್ 6 ಸ್ಪೀಡ್ ಆಟೋಮ್ಯಾಟಿಕ್ ಮಾತ್ರ, ಮ್ಯಾನುಯಲ್ ನಮ್ಗೆ ಕೊಡ್ಲೇ ಇಲ್ಲ. ಅದೇ ಇಂಜಿನ್‌ಗೆ ಅಮೆರಿಕದಲ್ಲಿ 435 ಹಾರ್ಸ್‌ಪವರ್ ಅಂತ ಎಲ್ಲೋ ಓದ್ಕೊಂಡು ಬರೋ ಓನರ್ ಕೇಳೋ ಮೊದಲ ಪ್ರಶ್ನೆ, 'ಹೆಡರ್ಸ್ ಹಾಕ್ಸಿದ್ರೆ ನಮ್ದೂ ಅಷ್ಟಾಗುತ್ತಾ ಗುರು?' ಅಂತ. ಎರಡನೇ ಪ್ರಶ್ನೆ ಸೌಂಡ್ ಹೆಂಗಿರುತ್ತೆ ಅಂತ. ನಿಜ ಹೇಳ್ಬೇಕಂದ್ರೆ ಎರಡನೇದೇ ಅವ್ರ ಮೊದಲ ಪ್ರಶ್ನೆ.

ಹೆಡರ್ಸ್ ಅಂದ್ರೆ ಗೊತ್ತಿಲ್ದೋರಿಗೆ ಹೇಳ್ತೀನಿ. ಇಂಜಿನ್ ಹೆಡ್‌ಗೆ ಬೋಲ್ಟ್ ಮಾಡಿರೋ ಕಂಪನಿ ಮ್ಯಾನಿಫೋಲ್ಡ್ (ಎಲ್ಲಾ ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸೋ ಪಾರ್ಟ್) ತೆಗ್ದು, ಆ ಜಾಗದಲ್ಲಿ ಪ್ರತಿ ಸಿಲಿಂಡರ್‌ಗೂ ಒಂದೊಂದು ಉದ್ದ ಪೈಪ್ ಕೊಟ್ಟು, ಸ್ವಲ್ಪ ದೂರ ಹೋದ್ಮೇಲೆ ಎಲ್ಲಾನೂ ಕಲೆಕ್ಟರ್‌ನಲ್ಲಿ ಸೇರಿಸೋದು. ಕಂಪನಿ ಮ್ಯಾನಿಫೋಲ್ಡ್ ಗಿಡ್ಡ ಇರುತ್ತೆ, ಒಂದು ಸಿಲಿಂಡರ್‌ನ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುತ್ತೆ. ಉದ್ದ ಪೈಪಲ್ಲಿ ಹೊಗೆ ಜೋರಾಗಿ ಹೋಗ್ತಾ ತನ್ನ ಹಿಂದೆ ಕಡಿಮೆ ಒತ್ತಡದ ಜಾಗ ಬಿಟ್ಟು ಹೋಗುತ್ತೆ, ಬಿಎಂಟಿಸಿ ಬಸ್ ಸ್ಪೀಡಾಗಿ ಹೋದಾಗ ರಸ್ತೆ ಮೇಲಿನ ಕಾಗದದ ಚೂರೆಲ್ಲ ಎಳ್ಕೊಂಡು ಹೋಗುತ್ತಲ್ಲ ಹಂಗೆ ಸಿಲಿಂಡರ್‌ನಲ್ಲಿ ಉಳಿದ ಹೊಗೇನೂ ಎಳ್ಕೊಳ್ಳುತ್ತೆ, ಒಳಗೆ ಹೊಸ ಗಾಳಿಗೆ ಜಾಗ ಆಗುತ್ತೆ. ಈ ವಿದ್ಯೆ ಕೆಲ್ಸ ಮಾಡುತ್ತೆ, ಅದ್ರಲ್ಲಿ ಅನುಮಾನ ಬೇಡ. ಯಾವ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅನ್ನೋ ಲೆಕ್ಕ) ಮಾಡುತ್ತೆ ಅನ್ನೋದು ಪೈಪಿನ ಉದ್ದ ಮತ್ತೆ ಅಗಲದ ಮೇಲೆ ನಿಂತಿದೆ. ಈ ವಿ8ಗೆ ಸಿಗೋ ಒಂದೂ ಮುಕ್ಕಾಲು ಇಂಚಿನ ಲಾಂಗ್ ಟ್ಯೂಬ್‌ಗಳು ಒಳ್ಳೆ ಲಾಭ ಕೊಡೋದು ಹೆಚ್ಚಾಗಿ 4,000 ದಾಟಿದ ಮೇಲೆ, ಈ ಇಂಜಿನ್‌ನ ಪೂರ್ತಿ ಟಾರ್ಕ್ ಬರೋದೇ 4,250ಕ್ಕೆ, ಪೂರ್ತಿ ಪವರ್ 6,500ಕ್ಕೆ. ಟ್ಯೂನ್ (ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾಯಿಸೋದು) ಜೊತೆ ಸೇರಿಸಿ ಚಕ್ರದ ಹತ್ರ ಅಳೆದ್ರೆ ಸಾಮಾನ್ಯವಾಗಿ 15ರಿಂದ 25 ಹಾರ್ಸ್‌ಪವರ್ ಸಿಗುತ್ತೆ, ಅದ್ರಲ್ಲಿ ಟ್ಯೂನ್ ಪಾಲೆಷ್ಟು ಪೈಪ್ ಪಾಲೆಷ್ಟು ಅಂತ ಅಂಗಡಿಯೋರು ಬಿಡಿಸಿ ಹೇಳಲ್ಲ. ಹಿಂದಿನ ಭಾಗ ಮಾತ್ರ, ಅಂದ್ರೆ ಕ್ಯಾಟ್‌ಬ್ಯಾಕ್ ಬದಲಾಯಿಸಿದ್ರೆ ಸಿಗೋ ಪವರ್, ಡೈನೋ (ಪವರ್ ಅಳೆಯೋ ಮೆಷಿನ್) ಮೇಲೆ ಒಂದೇ ಗಾಡೀನ ಎರಡು ಸಲ ಓಡಿಸಿದ್ರೆ ಬರೋ ವ್ಯತ್ಯಾಸದಷ್ಟೇ ಅಂದ್ಕೊಳ್ಳಿ. ಗಾಡಿ ತೂಕ ಸುಮಾರು 1.7 ಟನ್ನು, ಅದ್ರ ಮೇಲೆ ಈ ಲೆಕ್ಕ ಹಾಕಿ.

ಈಗ ಆಟೋಮ್ಯಾಟಿಕ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದನ್ನ ಯಾರೂ ಮಾತಾಡಲ್ಲ, ಅಂಗಡಿಯೋರಂತೂ ಬಾಯೇ ಬಿಡಲ್ಲ. ಡಿ ನಲ್ಲಿ ಹಾಕಿ ಹೊಸೂರು ರೋಡಲ್ಲಿ ಹೋಗ್ತಾ ಇದ್ರೆ ಗೇರ್‌ಬಾಕ್ಸ್ ಪೆಟ್ರೋಲ್ ಉಳಿಸೋಕೆ ಅಂತ 2,000, 2,500ಕ್ಕೇ ಗೇರ್ ಮೇಲೆ ಹಾಕ್ಬಿಡುತ್ತೆ, ನೀವು ಲಕ್ಷಗಟ್ಲೆ ಕೊಟ್ಟು ತಗೊಂಡ ಲಾಭ ಇರೋ ಜಾಗಕ್ಕೆ ಇಂಜಿನ್ ಹೋಗೋದೇ ಇಲ್ಲ. ಎಸ್ ಅಂದ್ರೆ ಸ್ಪೋರ್ಟ್ ಮೋಡ್‌ಗೆ ಹಾಕಿ, ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್ ಒತ್ತಿ ಓಡಿಸ್ತೀನಿ ಅಂತೀರಾ, ಸರಿ, ವಾರದಲ್ಲಿ ಎಷ್ಟು ಹೊತ್ತು, ಎಲ್ಲಿ? ನಮ್ಮ ರಾಜ್ಯದಲ್ಲಿ ಕಾರು ಬಿಡೋಕೆ ದೊಡ್ಡ ಸರ್ಕ್ಯೂಟ್ ಇಲ್ಲ, ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೋ ಚೆನ್ನೈ ಹತ್ರದ ಇರುಂಗಾಟ್ಟುಕೋಟೈಗೋ ಹೋಗ್ಬೇಕು. ಹೋಗೋರು ಕೆಲವರಿದಾರೆ, ಅವ್ರ ವಿಷ್ಯ ಬೇರೆ.

ಆಮೇಲೆ ಡ್ರೋನ್, ಅಂದ್ರೆ ಕ್ಯಾಬಿನ್ ಒಳಗೆ ಗುಂಯ್ ಅನ್ನೋ ಸದ್ದು. 6ನೇ ಗೇರಲ್ಲಿ 100ರ ಸ್ಪೀಡಲ್ಲಿ ಈ ಗಾಡಿ 1,800 ಆರ್‌ಪಿಎಂ ಆಸುಪಾಸು ಇರುತ್ತೆ. 8 ಸಿಲಿಂಡರ್ ಅಂದ್ರೆ ಒಂದು ಸುತ್ತಿಗೆ ನಾಲ್ಕು ಫೈರಿಂಗ್, ಲೆಕ್ಕ ಹಾಕಿದ್ರೆ ಸೆಕೆಂಡಿಗೆ 120, ಆ 120 ಹರ್ಟ್ಜ್ ಸದ್ದು ಕಿವಿಗಿಂತ ಜಾಸ್ತಿ ಎದೆಗೆ ಹೊಡೆಯುತ್ತೆ. ಮ್ಯಾನುಯಲ್ ಗಾಡಿಯೋನು ಒಂದು ಗೇರ್ ಕೆಳಗೆ ಹಾಕಿ ತಪ್ಪಿಸ್ಕೊತಾನೆ, ಆಟೋಮ್ಯಾಟಿಕ್ ಮತ್ತೆ ಮತ್ತೆ ಅದೇ ಆರ್‌ಪಿಎಂಗೆ ತಂದು ಕೂರಿಸುತ್ತೆ. ಮೈಸೂರಿಗೆ ಹೋಗಿ ಬರೋಷ್ಟರಲ್ಲಿ ಹೆಂಡತಿ ಇನ್ಮೇಲೆ ಈ ಕಾರಲ್ಲಿ ಬರಲ್ಲ ಅಂದ್ಳು ಅಂತ ಕಸ್ಟಮರ್ ವಾಪಸ್ ಬರ್ತಾರೆ. ಅದಕ್ಕೆ ಮದ್ದು ಇದೆ, ಜೆ ಪೈಪ್ ಅಂತ ಒಂದು ಕಡೆ ಮುಚ್ಚಿರೋ ಪೈಪ್ ಬೆಸೀತೀವಿ, ಈ ಸದ್ದಿಗೆ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ ಬೇಕು, ಒಳಗೆ ಹೋದ ಅಲೆ ತಿರುಗಿ ಬಂದು ಎದುರಿನ ಅಲೇನ ಹೊಡೆದು ಹಾಕುತ್ತೆ. ಕಾರಿನ ಕೆಳಗೆ ಅಷ್ಟು ಜಾಗ ಹುಡ್ಕೋದೇ ಒಂದು ಕಥೆ, ನಮ್ಮ ಸ್ಪೀಡ್ ಬ್ರೇಕರ್‌ಗಳನ್ನ ನೋಡಿದ್ರೆ ಇನ್ನೊಂದು ಕಥೆ.

ಮೂರನೇದು ಗೇರ್‌ಬಾಕ್ಸಿನ ಲೆಕ್ಕಾಚಾರ. ಈಗಿನ ಆಟೋಮ್ಯಾಟಿಕ್ ಇಂಜಿನ್ ಎಷ್ಟು ಟಾರ್ಕ್ ಕೊಡ್ತಿದೆ ಅಂತ ಕಂಪ್ಯೂಟರ್‌ನ ಕೇಳಿ, ಅದಕ್ಕೆ ತಕ್ಕಂಗೆ ಒಳಗಿನ ಕ್ಲಚ್‌ಗಳಿಗೆ ಆಯಿಲ್ ಪ್ರೆಶರ್ ಕೊಡುತ್ತೆ. ಪೈಪ್ ಬದಲಾಯಿಸಿ ಟ್ಯೂನ್ ಮಾಡದೆ ಬಿಟ್ರೆ ಕಂಪ್ಯೂಟರ್ ಹಳೇ ಲೆಕ್ಕಾನೇ ಹೇಳ್ತಿರುತ್ತೆ, ಗೇರ್ ಬೀಳೋದು ಒಂಥರಾ ಜಾರಿದಂಗೋ ಜಗ್ಗಿದಂಗೋ ಆಗೋ ಚಾನ್ಸ್ ಇದೆ. ಇಂಜಿನ್ ಮಾತ್ರ ಟ್ಯೂನ್ ಮಾಡಿ ಗೇರ್‌ಬಾಕ್ಸ್ ಮುಟ್ಟದೇ ಇರೋರೂ ಇದಾರೆ, ಅದೂ ಅರ್ಧ ಕೆಲ್ಸಾನೇ. ಬಲಗಡೆ ಸ್ಟೀರಿಂಗ್‌ನ ತಾಪತ್ರಯ ಇನ್ನೊಂದು, ಅಮೆರಿಕದಿಂದ ಎಡಗಡೆ ಸ್ಟೀರಿಂಗ್ ಗಾಡಿಗೆ ಮಾಡಿದ ಹೆಡರ್ಸ್ ತರ್ಸಿದ್ರೆ ಸ್ಟೀರಿಂಗ್ ಶಾಫ್ಟ್ ಇರೋ ಜಾಗಕ್ಕೇ ಪೈಪ್ ಬರುತ್ತೆ. ಆಸ್ಟ್ರೇಲಿಯಾದಲ್ಲಿ ಬಲಗಡೆ ಸ್ಟೀರಿಂಗ್‌ಗೆ ಅಂತಲೇ ಮಾಡ್ತಾರೆ, ಅದನ್ನೇ ತರ್ಸಬೇಕು. ಪೈಪನ್ನ ಬಡಿದು ಬಗ್ಗಿಸಿ ಕೂರಿಸೋ ಮೇಸ್ತ್ರಿಗಳು ನಮ್ಮಲ್ಲಿದಾರೆ, ಸ್ಟೀರಿಂಗ್ ಜಾಯಿಂಟ್ ಪಕ್ಕದಲ್ಲಿ ಕೆಂಪಗೆ ಕಾಯೋ ಪೈಪ್ ಇಟ್ಕೊಂಡು ನೈಸ್ ರೋಡಲ್ಲಿ ಹೋಗೋಕೆ ನಂಗಂತೂ ಮನಸ್ಸಿಲ್ಲ.

ಇಷ್ಟೆಲ್ಲಕ್ಕಿಂತ ದೊಡ್ಡ ತಪ್ಪು ನಡೆಯೋದು ಕ್ಯಾಟಲಿಟಿಕ್ ಕನ್ವರ್ಟರ್ ಹತ್ರ, ಅದಕ್ಕೆ ಸದ್ದೇ ಇಲ್ಲ, ಹಾಗಾಗಿ ಯಾರೂ ಹಿಡಿಯಲ್ಲ. ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಲೇಪ ಇರೋ ಆ ಡಬ್ಬಿ ಕಾರ್ಬನ್ ಮಾನಾಕ್ಸೈಡ್, ಸುಡದೇ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಕಡಿಮೆ ಮಾಡುತ್ತೆ, ಆದ್ರೆ ಸುಮಾರು 250-300 ಡಿಗ್ರಿ ಕಾಯೋವರೆಗೆ ಕೆಲ್ಸ ಶುರು ಮಾಡಲ್ಲ. ಬೇಗ ಕಾಯಲಿ ಅಂತಲೇ ಕಂಪನಿ ಅದನ್ನ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇಡೋದು. ಲಾಂಗ್ ಟ್ಯೂಬ್ ಹಾಕಿದ್ರೆ ಅದು ಹಿಂದಕ್ಕೆ ಹೋಗುತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜಾಸ್ತಿ ಹೊತ್ತು ಹಸಿ ಹೊಗೆ. ಅದು ಒಳ್ಳೆ ಕೇಸು. ಕೆಟ್ಟ ಕೇಸಲ್ಲಿ ಡಬ್ಬೀನೇ ಕಿತ್ತು ಬಿಸಾಕಿ ಬರೀ ಪೈಪ್ ಹಾಕ್ತಾರೆ, ಚೆಕ್ ಇಂಜಿನ್ ಲೈಟ್ ಪಿ0420 ಕೋಡ್ ಜೊತೆ ಹತ್ಕೊಳ್ಳುತ್ತೆ, ಹಿಂದಿನ ಆಕ್ಸಿಜನ್ ಸೆನ್ಸರ್‌ಗೆ ಒಂದು ಸ್ಪೇಸರ್ ಹಾಕಿ ಅಥವಾ ಟ್ಯೂನ್‌ನಲ್ಲೇ ಆ ಸೆನ್ಸರ್ ಆಫ್ ಮಾಡಿ ಲೈಟ್ ಆರಿಸ್ತಾರೆ. ಎಮಿಷನ್ ಟೆಸ್ಟಲ್ಲಿ ಪೆಟ್ರೋಲ್ ಗಾಡಿಗೆ ನೈಟ್ರೋಜನ್ ಆಕ್ಸೈಡ್ ನೋಡೋದೇ ಇಲ್ಲ, ಕಾರ್ಬನ್ ಮಾನಾಕ್ಸೈಡ್ ನೋಡ್ತಾರೆ, ಕನ್ವರ್ಟರ್ ಇಲ್ದಿರೋ ಗಾಡಿ ಅದ್ರಲ್ಲಿ ಹೆಂಗೆ ಪಾಸ್ ಆಗುತ್ತೆ ಅಂತ ಬೆಂಗಳೂರಿನೋರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಇನ್ನು ಆಕ್ಸಿಲರೇಟರ್ ಬಿಟ್ಟ ತಕ್ಷಣ ಪಟಪಟ ಅಂತ ಪಟಾಕಿ ಹೊಡೆಯೋ ಟ್ಯೂನ್ ಬಗ್ಗೆ ಒಂದೇ ಮಾತು, ಅದು ಬೇಕಂತಲೇ ಪೆಟ್ರೋಲ್‌ನ ಪೈಪಲ್ಲಿ ಸುಡಿಸೋದು, ಪವರ್ ಒಂದು ಚೂರೂ ಬರಲ್ಲ, ಕನ್ವರ್ಟರ್ ಬೇಗ ಸಾಯುತ್ತೆ. ನಮ್ಮ ಗ್ಯಾರೇಜಲ್ಲಿ ಮಾಡಲ್ಲ. ಕೇಳ್ಕೊಂಡು ಬಂದೋರು ಮುನಿಸ್ಕೊಂಡು ಪಕ್ಕದ ರೋಡಿಗೆ ಹೋಗ್ತಾರೆ, ಹೋಗ್ಲಿ.

ಈಗ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗೆ ವ್ಯತ್ಯಾಸ ಆಗೋ ಹಂಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿ ಹೇಳ್ತು. ಅದೇ ವರ್ಷದ ತಿದ್ದುಪಡಿ ಆದ್ಮೇಲೆ ಮಾರ್ಪಾಡು ಮಾಡಿಸಿದ ಓನರ್‌ಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಸದ್ದು ಹೊಗೆ ನಿಯಮ ಮೀರಿದ್ರೆ 10,000ದವರೆಗೆ ದಂಡ, ಲೈಸೆನ್ಸ್ 3 ತಿಂಗಳು ರದ್ದು. ಕಾಯ್ದೆ ಖಡಕ್ಕಾಗಿದೆ, ನಂಗೆ ಅದ್ರ ಬಗ್ಗೆ ಬೇಜಾರಿಲ್ಲ. ಬೇಜಾರು ಏನಂದ್ರೆ ಕನ್ವರ್ಟರ್ ಉಳಿಸ್ಕೊಂಡು, ಸದ್ದು ತಗ್ಗಿಸೋ ಒಳ್ಳೆ ರೆಸೊನೇಟರ್ ಇರೋ ಕ್ಯಾಟ್‌ಬ್ಯಾಕ್ ಹಾಕಿಸ್ದೋನೂ, ಎಲ್ಲಾ ಕಿತ್ತು ನೇರ ಪೈಪ್ ಹಾಕಿಸ್ದೋನೂ ಕಾನೂನಿನ ಕಣ್ಣಿಗೆ ಒಂದೇ. ಹೆಂಗಿದ್ರೂ ತಪ್ಪೇ ಅಂದ್ಮೇಲೆ ಜನ ಯಾವುದು ಅಗ್ಗವೋ ಯಾವುದು ಜೋರೋ ಅದನ್ನೇ ಹಾಕಿಸ್ತಾರೆ.

ಸದ್ದಿನ ಮಿತಿ ನಮ್ಮಲ್ಲಿ ಇಲ್ಲ ಅಂತಲ್ಲ, ಕಾರಿಗೆ 74 ಡೆಸಿಬಲ್ ಇದೆ. ಅದು ಫ್ಯಾಕ್ಟರಿ ಮಟ್ಟದ ಪರೀಕ್ಷೆ, ಖಾಲಿ ಟೆಸ್ಟ್ ಟ್ರ್ಯಾಕಲ್ಲಿ ಗಾಡಿ ಹಾದು ಹೋಗ್ತಿದ್ರೆ 7.5 ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆಯೋದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬರೀ ಹಾರ್ನ್‌ಗಳೇ ಅದನ್ನ ದಾಟುತ್ವೆ, ಅಲ್ಲಿ ನಿಂತು ಟ್ರಾಫಿಕ್ ಪೊಲೀಸರು ಆ ಪರೀಕ್ಷೆ ಮಾಡೋಕೆ ಸಾಧ್ಯ ಇಲ್ಲ. ಆದ್ರೆ ನಿಂತ ಗಾಡೀನ ಅಳೆಯೋ ವಿಧಾನಾನೂ ಇದೆ, ಟೈಲ್ ಪೈಪಿಂದ ಅರ್ಧ ಮೀಟರ್ ದೂರದಲ್ಲಿ 45 ಡಿಗ್ರಿ ಕೋನದಲ್ಲಿ ಮೈಕ್ ಹಿಡಿದು ನಿಗದಿ ಮಾಡಿದ ಆರ್‌ಪಿಎಂನಲ್ಲಿ ಇಂಜಿನ್ ಓಡಿಸಿ ನೋಡೋದು. ಪೆಟ್ರೋಲ್ ಬಂಕ್‌ನ ಮೂಲೆಯಲ್ಲೂ ಐದು ನಿಮಿಷದಲ್ಲಿ ಆಗೋ ಕೆಲ್ಸ. ಕ್ಯಾಲಿಫೋರ್ನಿಯಾದಲ್ಲಿ ಕಾರಿಗೆ 95 ಡೆಸಿಬಲ್ ಅಂತ ಮಿತಿ ಇಟ್ಟಿರೋದು ಇಂಥದ್ದೇ ನಿಂತ ಗಾಡಿ ಪರೀಕ್ಷೆಗೆ, ಜೊತೆಗೆ ಹೆಡರ್ಸ್ ಥರದ ಪಾರ್ಟ್‌ಗೆ ಅಲ್ಲಿನ ವಾಯುಮಾಲಿನ್ಯ ಮಂಡಳಿಯ ಅನುಮತಿ ನಂಬರ್ ಇಲ್ದಿದ್ರೆ ರಸ್ತೆ ಗಾಡಿಗೆ ಹಾಕೋ ಹಾಗಿಲ್ಲ. ಕನ್ವರ್ಟರ್ ಜಾಗ ಬದಲಾಯಿಸದ ಗಿಡ್ಡ ಹೆಡರ್ಸ್‌ಗೆ ಆ ನಂಬರ್ ಸಿಗುತ್ತೆ, ಲಾಂಗ್ ಟ್ಯೂಬ್‌ಗೆ ಸಿಗೋದು ಕಷ್ಟ. ಮಸಲ್ ಕಾರು ಹುಟ್ಟಿದ ದೇಶದಲ್ಲೇ ಪರಿಸ್ಥಿತಿ ಹಿಂಗಿದೆ. ಫೋರ್ಡ್‌ನೋರೇ 2018ರ ಮಸ್ಟಾಂಗ್‌ಗೆ ಬೆಳಗಿನ ಜಾವ ಸದ್ದು ಕಡಿಮೆ ಮಾಡಿ ಸ್ಟಾರ್ಟ್ ಆಗೋ ವ್ಯವಸ್ಥೆ ಕೊಟ್ರು, ಕಾರಣ ಏನು ಗೊತ್ತಾ, ಕಂಪನಿಯ ಇಂಜಿನಿಯರ್ ಒಬ್ರು ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡಿದಾಗ ಅಕ್ಕಪಕ್ಕದವ್ರು ಪೊಲೀಸರಿಗೆ ದೂರು ಕೊಟ್ಟಿದ್ರಂತೆ!

ನಮ್ಮಲ್ಲೂ ಇದಕ್ಕೆ ದಾರಿ ಆಗ್ಲೇ ಇದೆ. ಸಿಎನ್‌ಜಿ ಕಿಟ್ ನೋಡಿ, ಪುಣೆಯ ಎಆರ್‌ಎಐ ಥರದ ಸಂಸ್ಥೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ಕಿಟ್ ಹಾಕಿಸಿ, ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬರೆಸ್ಕೊಂಡು ಬಂದ್ರೆ ಮುಗೀತು, ಯಾರೂ ಕೇಳಲ್ಲ. ಇಂಧನಾನೇ ಬದಲಾಯಿಸೋಕೆ ಬಿಡೋ ಕಾನೂನು, ಕನ್ವರ್ಟರ್ ಮುಟ್ಟದ, ಡೆಸಿಬಲ್ ಮಿತಿಯೊಳಗಿರೋ ಹಿಂದಿನ ಪೈಪಿಗೆ ಅದೇ ಥರ ಒಂದು ಒಪ್ಪಿಗೆ ಕೊಡೋಕೆ ಯಾಕಾಗಲ್ಲ? ಒಪ್ಪಿಗೆ ನಂಬರ್ ಪೈಪಿನ ಮೇಲೆ ಕೆತ್ತಿರಲಿ, ಪೊಲೀಸರು ಟಾರ್ಚ್ ಬಿಟ್ಟು ನೋಡ್ಲಿ. ನಂಬರ್ ಇಲ್ಲ, ಕನ್ವರ್ಟರ್ ಇಲ್ಲ ಅಂದ್ರೆ ಗಾಡಿ ಸೀಜ್ ಮಾಡ್ಲಿ, ಹಾಕಿಕೊಟ್ಟ ಗ್ಯಾರೇಜ್‌ನೋನ ಮೇಲೂ ಕೇಸ್ ಹಾಕ್ಲಿ. ಇದ್ರಿಂದ ನಂಗೂ ಗಿರಾಕಿ ಕಡಿಮೆ ಆಗ್ತಾರೆ, ಗೊತ್ತಿದ್ದೇ ಬರೀತಿದೀನಿ. ಇದು ಕೇಂದ್ರ ಸರ್ಕಾರದ ನಿಯಮದ ವಿಷ್ಯ, ನಾಳೆ ಬೆಳಿಗ್ಗೆಗೆ ಆಗಲ್ಲ, ಆದ್ರೆ ಮೀಟರ್ ಕೊಡೋದು ನಮ್ಮ ರಾಜ್ಯದ ಕೈಯಲ್ಲೇ ಇದೆಯಲ್ಲ.

ಅಲ್ಲಿವರೆಗೆ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರು ಇಟ್ಕೊಂಡಿರೋ ಓನರ್‌ಗಳು ಸೆಕೆಂಡ್ ಹ್ಯಾಂಡ್ ಗಾಡಿ ಆಗಿದ್ರೆ ಮೊದ್ಲು ಟೈರ್, ಬ್ರೇಕ್, ಗೇರ್‌ಬಾಕ್ಸ್ ಆಯಿಲ್ ನೋಡ್ಕೊಳ್ಳಿ, ಅಲ್ಲಿ ಹಾಕಿದ ದುಡ್ಡು ದಿನಾ ಗೊತ್ತಾಗುತ್ತೆ. ಹೆಡರ್ಸ್ ಹಾಕಿದ್ರೆ 40 ಹಾರ್ಸ್‌ಪವರ್ ಗ್ಯಾರಂಟಿ ಸಾರ್ ಅನ್ನೋ ಅಂಗಡಿಗೆ ಹೋದ್ರೆ, ನಿಮ್ಮ ಗಾಡೀನೇ ಅವತ್ತೇ ಅದೇ ಡೈನೋ ಮೇಲೆ ಹಾಕೋಕೆ ಮುಂಚೆ ಒಂದು ಶೀಟ್, ಹಾಕಿದ್ಮೇಲೆ ಒಂದು ಶೀಟ್ ಕೊಡ್ತೀರಾ ಅಂತ ಕೇಳಿ. ಟೀ ತರ್ಸಿ ಮಾತು ತಿರುಗಿಸೋಕೆ ಶುರು ಮಾಡಿದ್ರೆ, ಟೀ ಕುಡಿದು ಕೀ ಇಸ್ಕೊಂಡು ಬನ್ನಿ.

ಇಂತಿ,
ಒಬ್ಬ ಗ್ಯಾರೇಜ್‌ನೋನು,
ಬೆಂಗಳೂರು